ತಾಟಿನ ಮುಂದಿನಿಂದ ಎಬ್ಬಿಸಿದವಳು

"ಗುರುಗಳೇ, ನಮ್ಮ ದಾಸೋಹದ ಬಾಗಿಲು ಎಲ್ಲರಿಗೂ ತೆರೆದದ್ದು. ಬಂದವರನ್ನು ಯಾರು, ಎಲ್ಲಿಯವರು ಎಂದು ಕೇಳದೆ ಉಣಿಸುತ್ತೇವೆ. ಅಂಥ ಮನೆಯಲ್ಲಿ ಕೇಡು ಎಲ್ಲಿಂದ ಬಂದೀತೆಂದು ಮೊದಲೇ ಹುಡುಕಿಸುವುದು ಸರಿಯೇ? ಅದು ಉಣ್ಣಲು ಬಂದವರಿಗೆ ಮಾಡುವ ಅವಮಾನವಲ್ಲವೇ?"

ಕೇಳಿದವನು ಮುರಿಗೆಯ್ಯ, ಮಠದ ದಾಸೋಹದ ಹೊಣೆ ಹೊತ್ತ ಶಿಷ್ಯ. ಆ ಬೆಳಿಗ್ಗೆ ಪೇಟೆಯಿಂದ ಒಬ್ಬ ಪರೀಕ್ಷಕ ಬಂದು, ಊಟದ ಮನೆಯ ಮೂಲೆ ಮೂಲೆ ನೋಡಿ, ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದು ಹೇಳಿ ಹೋಗಿದ್ದ. ಅವನನ್ನು ಕರೆಸಿದವರು ಗುರುಗಳೇ. ಮಧ್ಯಾಹ್ನವಾದರೂ ಮುರಿಗೆಯ್ಯನ ಮುಖದ ಗಂಟು ಸಡಿಲವಾಗಿರಲಿಲ್ಲ.

ಗುರುಗಳು ನಕ್ಕರು. "ಅವನು ನಿನ್ನ ಸಾರನ್ನೇನೂ ಬೈದಿಲ್ಲವಲ್ಲ, ಕುಳಿತುಕೋ," ಎಂದು ಈ ಕತೆ ಹೇಳಿದರು.

ಒಂದು ಹತ್ತಿಪೇಟೆಯಲ್ಲಿ ಒಬ್ಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಪೇಟೆಗೆ ಬಂದ ರೈತರು, ಮೂಟೆ ಹೊರುವ ಹಮಾಲರು, ದಲಾಲರು ಎಲ್ಲರೂ ಅವಳ ಕೈಯ ರೊಟ್ಟಿ ಉಂಡೇ ಊರಿಗೆ ಹೋಗುವವರು. ರೊಟ್ಟಿ ಚೆನ್ನಾಗಿತ್ತು, ಎಣ್ಣೆಗಾಯಿ ಇನ್ನೂ ಚೆನ್ನಾಗಿತ್ತು. ಆದರೆ ಜನ ಬರುತ್ತಿದ್ದದ್ದು ರುಚಿಗಷ್ಟೇ ಅಲ್ಲ. ಆ ಮನೆಯಲ್ಲಿ ತಾಟಿನ ಮುಂದೆ ಕುಳಿತವರನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಎಂಥ ಸಾಹುಕಾರ ಬಂದರೂ ಅಷ್ಟೇ. ಒಳಗೆ ಕುಳಿತ ಹಮಾಲ ಕೊನೆಯ ತುತ್ತು ಉಂಡು, ಬೆರಳು ನೆಕ್ಕಿ, ತೇಗಿ ಏಳುವ ತನಕ ಸಾಹುಕಾರ ಬಾಗಿಲಲ್ಲಿ ನಿಲ್ಲಬೇಕು.

ಇದಕ್ಕೊಂದು ಕಾರಣವಿತ್ತು. ಅವಳು ಚಿಕ್ಕವಳಿದ್ದಾಗ ಒಂದು ಮದುವೆಯ ಪಂಕ್ತಿಯಲ್ಲಿ ಕುಳಿತಿದ್ದಳು. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಗಂಡಿನ ಕಡೆಯ ದೊಡ್ಡ ಮನುಷ್ಯರೊಬ್ಬರು ತಡವಾಗಿ ಬಂದರು. ಬಡಿಸುವವನು ಇವಳ ರಟ್ಟೆ ಹಿಡಿದು, "ಏಳವಾ, ಮುಂದಿನ ಪಂಕ್ತಿಗೆ ಕುಂದ್ರು," ಎಂದು ಎಬ್ಬಿಸಿದ. ಮುಂದಿನ ಪಂಕ್ತಿಗೆ ಅವಳನ್ನು ಯಾರೂ ಕರೆಯಲಿಲ್ಲ. ಹಸಿವು ಅಂದೇ ಹೋಯಿತು, ಆ ನೋವು ಹೋಗಲಿಲ್ಲ. ಖಾನಾವಳಿ ತೆರೆದ ದಿನ ಅವಳು ಮನಸ್ಸಿನಲ್ಲೇ ಒಂದು ಮಾತು ಹಿಡಿದಳು: ನನ್ನ ಮನೆಯಲ್ಲಿ ಯಾರೂ ಉಣ್ಣುತ್ತ ಎದ್ದು ಹೋಗಬಾರದು. ಒಮ್ಮೆ ಪೊಲೀಸರು ಒಬ್ಬನನ್ನು ಹಿಡಿಯಲು ಬಂದಾಗಲೂ ಅವಳು ಸೌಟು ಹಿಡಿದು ಅಡ್ಡ ನಿಂತಿದ್ದಳು. ಅವನು ಉಂಡು ಕೈ ತೊಳೆದ ಮೇಲೆಯೇ ಅವನ ಕೈಗೆ ಬೇಡಿ ಬಿತ್ತು. ಆ ಕತೆಯನ್ನು ಪೇಟೆಯವರು ಹೊಸಬರಿಗೆಲ್ಲ ಹೇಳುತ್ತಿದ್ದರು, ಅವಳೂ ಕೇಳಿಸಿಕೊಳ್ಳದವಳಂತೆ ಕೇಳುತ್ತಿದ್ದಳು.

ಹೀಗಿರುವಾಗ ಒಂದು ಸಂತೆಯ ದಿನ ಯಾವನೋ ಹಿಂದಿನ ಬಾಗಿಲಿಂದ ನುಗ್ಗಿ, ಉಣ್ಣುತ್ತಿದ್ದ ಒಬ್ಬ ರೈತನ ಚೀಲ ಎತ್ತಿಕೊಂಡು ಓಡಿದ. ರೈತನಿಗಿಂತ ಹೆಚ್ಚು ಅತ್ತವಳು ಅವಳು. ಮರುದಿನವೇ ಆ ಬಾಗಿಲಿಗೆ ಹಲಗೆ ಅಡ್ಡ ಇಟ್ಟು ಮೊಳೆ ಹೊಡೆಸಿದಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಮನುಷ್ಯರ ಹಳೆಯ ಚಾಳಿ, ಅವಳದೇನೂ ಹೆಚ್ಚಿನ ತಪ್ಪಲ್ಲ. ಆದರೂ ಅವಳಿಗೆ ಸಮಾಧಾನವಾಗದೆ ಒಬ್ಬ ಪರೀಕ್ಷಕನನ್ನು ಕರೆಸಿದಳು. ಅಂಗಡಿ, ಛತ್ರ, ನಾಟಕದ ಟೆಂಟು, ಹೀಗೆ ಜನ ಸೇರುವ ಕಡೆಗೆಲ್ಲ ಹೋಗಿ, ಕೇಡು ಬರುವ ಮೊದಲೇ ಅದು ಬರುವ ದಾರಿ ನೋಡಿ ಹೇಳುವುದು ಅವನ ಕಸುಬು. ಇಂಥವರನ್ನು ಯಾರೂ ಪ್ರೀತಿಯಿಂದ ಕರೆಯುವುದಿಲ್ಲ. ಕರೆದವರ ಮನೆಯಲ್ಲೇ ಉಂಡು, ಕರೆದವರ ಮನೆಯನ್ನೇ ಜರೆದು ಹೋಗುವ ಜನ.

ಅವಳು ಮೊಳೆ ಹೊಡೆದ ಬಾಗಿಲನ್ನು ಹೆಮ್ಮೆಯಿಂದ ತೋರಿಸಿದಳು. ಅವನು ಅದನ್ನೊಮ್ಮೆ ನೋಡಿ, ಜನರ ನಡುವೆ ಕುಳಿತು, ಸುತ್ತ ಕಣ್ಣಾಡಿಸುತ್ತ ಸಾವಕಾಶವಾಗಿ ಉಂಡ. ಉಂಡ ಮೇಲೆ ಕೇಳಿದ:

"ಕಳ್ಳ ಒಳಗ ಬರದ್ಹಂಗ ಮಾಡೀರಿ. ಉಣ್ಣಾಕ ಬಂದೋರು ಹೊರಗ ಹ್ಯಾಂಗ ಹೋಗಬೇಕ್ರಿ?"

"ಬಂದ ಬಾಗಲದಾಗ ಹೋಗ್ತಾರ."

"ಆ ಬಾಗಲದಾಗ ನಿಮ್ಮ ಒಲಿ ಐತಿ. ಗ್ವಾಡಿ ಆಚಿಗೆ ಹತ್ತಿ ಮೂಟಿ ಸೂರಿನ ಮಟಾ ಒಟ್ಯಾರ. ಹಿಂದಿನ ಬಾಗಲದ ಮೊಳಿ ಕೀಳಸ್ರಿ, ಒಳಗಿಂದ ತಗಿಯೂ ಹಂಗ ಅಗಳಿ ಇಡಸ್ರಿ. ಒಲಿ ಬಾಗಲದಿಂದ ದೂರ ಸರಸ್ರಿ. ಆಮ್ಯಾಲ ಒಂದಿನ, ಮಂದಿ ಉಣ್ಣಾಕ ಕುಂತಾಗನ, ಎಲ್ಲಾರನೂ ಎಬ್ಬಿಸಿ ಹೊರಗ ಕಳಿಸಿ ನೋಡ್ರಿ."

ಹಾದುಹೋಗುವವರಿಗೆ ರೊಟ್ಟಿಯ ವಾಸನೆ ಬಡಿಯಲೆಂದೇ ಅವಳು ಒಲೆಯನ್ನು ಬಾಗಿಲ ಬಳಿ ಹೂಡಿಸಿದ್ದಳು. ಮೊದಲ ಎರಡು ಮಾತಿಗೆ ತಲೆಯಾಡಿಸಿದಳು. ಮೂರನೆಯದಕ್ಕೆ ಅವಳ ದನಿ ಬಿಗಿಯಾಯಿತು.

"ನನ್ನ ಮನ್ಯಾಗ ತಾಟಿನ ಮುಂದಿಂದ ಯಾರನೂ ಎಬ್ಬಿಸಿಲ್ಲ. ಪೊಲೀಸರು ಬಂದಾಗೂ ಎಬ್ಬಿಸಿಲ್ಲ. ಅವರನ್ನ ನಿಲ್ಲಿಸೇನಿ."

"ಪೊಲೀಸರು ನಿಂತ್ರು," ಎಂದ ಅವನು. "ಬೆಂಕಿ ನಿಲ್ಲೂದಿಲ್ಲರೀ ಅಕ್ಕಾರ."

ಅಷ್ಟು ಹೇಳಿ ಕೈ ತೊಳೆದು ಹೋದ.

ಅವಳು ಮೊಳೆ ಕೀಳಿಸಿದಳು, ಅಗುಳಿ ಇಡಿಸಿದಳು, ಒಲೆ ಸರಿಸಿದಳು. ಉಳಿದ ಮಾತನ್ನು ಮಾತ್ರ ನಾಳೆ ನಾಳೆ ಎಂದು ಮುಂದೂಡಿದಳು. ಅಂದು ರಟ್ಟೆ ಹಿಡಿದವನ ಕೈ ಅವಳಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ತಾನೂ ಅದೇ ಕೈಯಾಗಬೇಕೇ? ಬೇಡ ಎಂದುಕೊಳ್ಳುವಳು. ಗೋಡೆಯಾಚೆಯ ಹತ್ತಿಯ ಕಡೆ ಕಣ್ಣು ಹೋಗುವುದು. ಕೊನೆಗೊಂದು ಸಂತೆಯ ದಿನ, ಮನೆ ತುಂಬಿದಾಗ, ನಡುವೆ ಬಂದು ನಿಂತು ಹೇಳಿದಳು:

"ಎಲ್ಲಾರೂ ಏಳ್ರಿ. ಹೊರಗ ನಡೀರಿ."

ಯಾರೂ ಏಳಲಿಲ್ಲ. ದಲಾಲನೊಬ್ಬ, "ಅಕ್ಕಾರು ಚಾಷ್ಟಿ ಮಾಡಾಕ್ಹತ್ಯಾರ, ಉಣ್ರಿ ಉಣ್ರಿ," ಎಂದು ನಕ್ಕ. ಇನ್ನೊಬ್ಬ ರೊಟ್ಟಿ ಮುರಿಯುತ್ತ, ಇದೊಂದು ಆಗಲಿ ಎಂದ. ಅವಳು ದನಿ ಏರಿಸಿ ಮತ್ತೆ ಹೇಳಿದಳು. ಆಗ ಗೋಡೆಗೊರಗಿ ಕುಳಿತಿದ್ದ ಮುದಿ ಹಮಾಲ ತಲೆಯೆತ್ತಿ, ಮಗಳಿಗೆ ಹೇಳುವವನಂತೆ ಮೆತ್ತಗೆ ಹೇಳಿದ:

"ಯವ್ವಾ, ಸಾಹುಕಾರ ಬಂದ್ರೂ ನಮ್ಮನ್ನ ಎಬ್ಬಿಸದಾಕಿ ನೀ. ನಿನ್ನ ಮನ್ಯಾಗ ಕುಂತು ನಾವು ಯಾರಿಗೆ ಹೆದರಬೇಕು?"

ಆ ಮಾತಿಗೆ ಅವಳು ಸುತ್ತ ನೋಡಿದಳು. ಹಿಂದಿನ ಬಾಗಿಲು ತೆರೆದಿತ್ತು, ಮುಂದಿನದೂ ತೆರೆದಿತ್ತು. ಆದರೂ ಒಬ್ಬನೂ ಕದಲಿರಲಿಲ್ಲ. ಇವರನ್ನು ಹೀಗೆ ಕೂರಿಸಿದವಳು ತಾನೇ. ಇಷ್ಟು ವರ್ಷ ಪ್ರೀತಿಯಿಂದ ಕೂರಿಸಿ ಕೂರಿಸಿ, ಇವರಿಗೆ ಏಳುವುದನ್ನೇ ಮರೆಸಿದ್ದಳು. ನಿಜವಾಗಿ ಹೊಗೆ ನುಗ್ಗಿದ ದಿನವೂ ಈ ಮುದುಕ ತನ್ನನ್ನು ನಂಬಿ ಹೀಗೆಯೇ ಕುಳಿತಿರುತ್ತಾನೆ. ಅವಳಿಗೆ ಅವನ ಮೇಲೆ ಎಷ್ಟು ಮಮತೆ ಉಕ್ಕಿತೋ ಅಷ್ಟೇ ಭಯವೂ ಆಯಿತು.

ಅವಳು ಬಗ್ಗಿ ಆ ಮುದುಕನ ಮುಂದಿನ ತಾಟನ್ನು ಎತ್ತಿಕೊಂಡಳು.

ಅವಳು ಪಕ್ಕದವನ ತಾಟನ್ನೂ ಎತ್ತಿದಳು, ಅವನ ಆಚೆಯವನದನ್ನೂ ಎತ್ತಿದಳು. ಆಗ ಜನ ಎದ್ದರು. ಕೆಲವರು ಮುಂದಿನ ಬಾಗಿಲಿಂದ, ಕೆಲವರು ಹಿಂದಿನ ಬಾಗಿಲಿಂದ, ಎಂಜಲು ಕೈಯಲ್ಲೇ ಹೊರಗೆ ಹೋದರು. ಯಾರೂ ಅವಳ ಮುಖ ನೋಡಲಿಲ್ಲ. ಮುದಿ ಹಮಾಲ ಬಯಲಲ್ಲಿ ನಿಂತು, "ನೀನೂ ಎಬ್ಬಿಸಿದೆಲ್ಲವಾ," ಎಂದಷ್ಟೇ ಹೇಳಿದ.

ಅವಳು ಅವರೆಲ್ಲರ ಮುಂದೆ ಕೈ ಜೋಡಿಸಿದಳು. "ಸಣ್ಣಾಕಿದ್ದಾಗ ನನ್ನೂ ಎಬ್ಬಿಸಿದ್ರಪ್ಪಾ, ಇನ್ನೊಬ್ಬರನ್ನ ಕುಂದ್ರಸಾಕ. ನಾ ನಿಮ್ಮನ್ನ ಎಬ್ಬಿಸಿದ್ದು ನಾಳಿಗೂ ನಿಮ್ಮನ್ನ ಕುಂದ್ರಸಾಕ."

ಆಮೇಲೆ ಎಲ್ಲರನ್ನೂ ಒಳಗೆ ಕರೆದು, ಹೊಸ ತಾಟು ಇಟ್ಟು, ಮೊದಲಿಂದ ಬಡಿಸಿದಳು. ಹೋಳಿಗೆ ಮಾಡಿದ್ದಳು, ತುಪ್ಪವನ್ನು ತಾನೇ ಹಾಕಿದಳು. ಹಮಾಲ ಬಂದು ಕುಳಿತ. ದಲಾಲರು ಬರಲಿಲ್ಲ. ಅವರು ಎದುರಿನ ಖಾನಾವಳಿಯಲ್ಲಿ ಕೈ ತೊಳೆದು ಅಲ್ಲೇ ಉಂಡರು, ಮರುದಿನವೂ ಅಲ್ಲೇ ಉಂಡರು.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಉಣ್ಣುವವರನ್ನು ಎಬ್ಬಿಸುವ ಮನೆ ಎಂದು ಪೇಟೆಯೆಲ್ಲ ಆಡಿಕೊಂಡಿತು. ಪೊಲೀಸರ ಕತೆಯನ್ನು ಎಲ್ಲರೂ ಮರೆತರು. ನೆಂಟರ ಮನೆಯ ಮದುವೆಗೆ ಹೋದರೆ, ಇವಳಿಗೆ ಬಾಗಿಲ ಬಳಿ ಎಲೆ ಹಾಕಿರಿ, ನಡುವೆ ಎದ್ದು ಓಡುತ್ತಾಳೆ ಎಂದು ಹೆಂಗಸರು ನಕ್ಕರು. ಅವಳಿಗೆ ನೋವಾಯಿತು, ಬಹಳ ನೋವಾಯಿತು. ಆದರೂ ಆಗಾಗ, ಮುನ್ಸೂಚನೆ ಕೊಡದೆ, ಸೌಟಿನಿಂದ ತಾಟು ಬಾರಿಸಿ ಜನರನ್ನು ಎಬ್ಬಿಸುವುದನ್ನು ಅವಳು ಬಿಡಲಿಲ್ಲ. ಬರಬರುತ್ತ ಉಳಿದ ಜನಕ್ಕೆ ರೂಢಿಯಾಯಿತು. ತಾಟಿನ ಸದ್ದು ಕೇಳಿದರೆ ಬಾಯ ತುತ್ತನ್ನೂ ನುಂಗದೆ ಏಳುವರು, ಅರ್ಧ ಜನ ಈ ಬಾಗಿಲಿಗೆ, ಅರ್ಧ ಜನ ಆ ಬಾಗಿಲಿಗೆ. ಆ ಮುದುಕನ ಕೈಯನ್ನು ಯಾರಾದರೊಬ್ಬರು ಹಿಡಿದಿರುತ್ತಿದ್ದರು. ಸಾಹುಕಾರರು ಮಾತ್ರ ಆ ಕಡೆ ತಿರುಗಿ ನೋಡಲಿಲ್ಲ. ಅವಳು ಅದೇ ಹೆಸರು ಹೊತ್ತು ಮುದುಕಿಯಾದಳು, ಅದೇ ಹೆಸರು ಹೊತ್ತು ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯ ಕಾದ. ಅವರು ಮುಂದುವರಿಸುವಂತೆ ಕಾಣದಿದ್ದಾಗ ಕೇಳಿದ:

"ಆಮೇಲೆ ಅಲ್ಲಿ ಬೆಂಕಿ ಬಿತ್ತೇ, ಗುರುಗಳೇ?"

"ಇಲ್ಲ. ಅವಳಿರುವ ತನಕ ಒಂದು ಕಿಡಿಯೂ ಬೀಳಲಿಲ್ಲ."

"ಹಾಗಾದರೆ ಪಾಪ, ಅವಳಿಗೆ ಬಂದದ್ದು ಕೆಟ್ಟ ಹೆಸರು ಒಂದೇ. ಅಷ್ಟೆಲ್ಲ ಮಾಡಿ ಏನು ಸಿಕ್ಕಿತು?"

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: "ಬೆಂಕಿ ಬಿತ್ತೇ ಎಂದು ಕೇಳಿದೆ ಮುರಿಗೆಯ್ಯ, ಉಂಡವರೆಲ್ಲ ಮನೆ ಮುಟ್ಟಿದರೇ ಎಂದು ಕೇಳಲಿಲ್ಲ."