ಗೀರು ಬೀಳದ ಲೆನ್ಸು

ಜರ್ಮನಿಯ ಡ್ರೆಸ್ಡೆನ್ ನಗರದ ಒಂದು ಕ್ಯಾಮೆರಾ ಕಾರ್ಖಾನೆಯಲ್ಲಿ ಮುಚ್ಚಳವೊಂದಕ್ಕೆ ಹುಟ್ಟಿದಾಗಿನಿಂದ ನೆಮ್ಮದಿಯಿಲ್ಲ. ತಾನು ಕಾಯುವ ಲೆನ್ಸಿಗೆ ಎಲ್ಲಿ ಗೀರು ಬಿದ್ದೀತೋ ಎಂದು ಅದರ ಎದೆ ಸದಾ ಡವಡವ. ಹೀಗಿರುವಾಗ ಕ್ಯಾಮೆರಾದ ಪರೀಕ್ಷೆಯ ದಿನ ಬಂತು.

"ಅಮ್ಮಾ, ಇವತ್ತಾದರೂ ಬಿಡು, ನಾನು ಬೆಳಕು ನೋಡಬೇಕು," ಎಂದಿತು ಲೆನ್ಸು.

"ಹೊರಗೆ ಧೂಳಿದೆ ಮಗೂ, ಒರಟು ಬೆರಳುಗಳಿವೆ. ನಾಳೆ ನೋಡೋಣ," ಎಂದಿತು ಮುಚ್ಚಳ.

ಪರೀಕ್ಷಕಿ ಹೆಡ್ವಿಗ್ ಎಂದಿನಂತೆ, ಅತ್ತ ನೋಡದೆಯೇ, ಮುಚ್ಚಳವನ್ನು ಹೆಬ್ಬೆರಳಿನಿಂದ ಚಿಮ್ಮಿದಳು. ಅದು ಹಲ್ಲು ಕಚ್ಚಿಕೊಂಡು ಅಲ್ಲೇ ಉಳಿಯಿತು. ಆ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಲೆನ್ಸಿಗಿಂತ ಮೇಲುಗಡೆ ಬೇರೆಯೇ ಇತ್ತು. ಅದರಲ್ಲಿ ಅವಳಿಗೆ ಊರೆಲ್ಲ ಚೆನ್ನಾಗಿ ಕಂಡಿತು, ಮುಚ್ಚಳ ಮಾತ್ರ ಕಾಣಲಿಲ್ಲ. ಗುಂಡಿ ಒತ್ತಿದಳು, ಫಿಲ್ಮನ್ನು ತೊಳೆಯಲು ಕಳಿಸಿದಳು.

ಫೋಟೊಗಳೆಲ್ಲ ಕಪ್ಪಗೆ ಬಂದವು. "ಈ ಲೆನ್ಸು ಕುರುಡು," ಎಂದು ತೀರ್ಪಾಯಿತು. ಕ್ಯಾಮೆರಾ ಬಿಚ್ಚುವವನು ಮುಚ್ಚಳವನ್ನು ಕಿತ್ತು ಮೇಜಿನ ಮೇಲಿಟ್ಟ. ಲೆನ್ಸನ್ನು ಒಡಕು ಗಾಜಿನ ತೊಟ್ಟಿಗೆ ಎಸೆಯಲು ಕೈ ಎತ್ತಿದ.

"ನಿಲ್ಲಿ ಸ್ವಾಮಿ, ಸರಿಯಾಗಿ ನೋಡಿ!" ಎಂದು ಮುಚ್ಚಳ ಕೂಗಿಕೊಂಡಿತು. "ಅದರ ಮೈಮೇಲೆ ಒಂದೇ ಒಂದು ಗೀರೂ ಇಲ್ಲ!"

ತೊಟ್ಟಿಗೆ ಬೀಳುವಷ್ಟರಲ್ಲಿ ಸಿಕ್ಕಷ್ಟು ಬೆಳಕನ್ನು ಲೆನ್ಸು ಕಣ್ತುಂಬ ನೋಡಿಕೊಳ್ಳುತ್ತಿತ್ತು.