ತಾಳಿ ಕದ್ದು ಓಡಿದ ದುಂಡವ್ವ

ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರು ಇನ್ನೂ ತೊಟ್ಟಿಲಲ್ಲಿದ್ದಾಗ, ಎರೆಭೂಮಿಯ ಬಟಾಬಯಲಿನಲ್ಲಿ ಒಂದು ಊರಿತ್ತಂತೆ. ಊರಿನ ಹೆಸರು ಕೇಳಬೇಡಿ. ಆ ಸೀಮೆಯ ಯಾರನ್ನು ಕೇಳಿದರೂ ಅದು ನಮ್ಮೂರೇ ಅನ್ನುತ್ತಾರೆ. ಯಾವ ಊರಾದರೇನು, ಬಿಸಿಲು ಎಲ್ಲರಿಗೂ ಒಂದೇ.

ಆಗಿನ ಬೇಸಿಗೆ ಈಗಿನ ಹಾಗಲ್ಲ ಅಂತಾರೆ. ಹಾರುತ್ತಿದ್ದ ಗುಬ್ಬಿ ಹಾರುತ್ತಲೇ ಬೆಂದು ಬೀಳುತ್ತಿತ್ತಂತೆ. ಹೊಲದ ಬಿರುಕಿನಲ್ಲಿ ಕುಡುಗೋಲು ಜಾರಿದರೆ ಮತ್ತೆ ಸಿಗುತ್ತಿರಲಿಲ್ಲವಂತೆ. ಧಗೆ ಏರಿ ಏರಿ, ಗಾಳಿ ಸತ್ತು, ಇನ್ನು ಉಸಿರೇ ಕಟ್ಟುತ್ತದೆ ಅನ್ನುವ ಹೊತ್ತಿಗೆ ಮುಗಿಲಿನ ಮೂಲೆಯಲ್ಲೊಂದು ಕರಿಮೋಡ ಏಳುತ್ತಿತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ರೈತರು ಕೈಮುಗಿದು ಕಾಯುವ ಮಳೆ ಅದು. ಆದರೆ ಬರುವಾಗ ಸಿಡಿಲನ್ನೂ ಕರೆದುಕೊಂಡೇ ಬರುತ್ತಿತ್ತು.

ಆ ಬಯಲಿನ ನಡುವೆ ಇದ್ದದ್ದು ಒಂದೇ ಹುಣಸೆಮರ. ಒಂದು ಹರದಾರಿ ಆಚೆಗೂ ಅದರ ತಲೆ ಕಾಣುತ್ತಿತ್ತಂತೆ. ಒಂದು ಬೇಸಿಗೆ, ಹೊಲದಿಂದ ಬರುತ್ತಿದ್ದ ಭೀಮಶಿ ಎಂಬ ರೈತ ಮಳೆ ಹಿಡಿಯಿತೆಂದು ಆ ಮರದಡಿ ನಿಂತ. ಸಿಡಿಲು ಬಡಿಯಿತು. ಅವನ ಹೆಂಡತಿಯೇ ದುಂಡವ್ವ. ಮದುವೆಯಾಗಿ ಇನ್ನೂ ಕೈಯ ಹಸಿರು ಬಳೆ ಮಾಸಿರಲಿಲ್ಲ.

ಊರಿನವರು ಅತ್ತರು, ಮಣ್ಣು ಕೊಟ್ಟರು. ಆಮೇಲೆ ಪಿಸುಗುಟ್ಟಿದರು. ಸುಮ್ಮಸುಮ್ಮನೆ ಸಿಡಿಲು ಬಡಿಯುತ್ತದೆಯೇ, ಇವಳ ಕಾಲ್ಗುಣವೇ ಸರಿಯಿಲ್ಲ ಅಂದರು. ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರಂತೆ. ಬೀದಿಯಲ್ಲಿ ಎದುರಾದರೆ ಗಂಡಸರು ಹೊರಟ ಕೆಲಸ ಬಿಟ್ಟು ಮನೆಗೆ ತಿರುಗುತ್ತಿದ್ದರಂತೆ. ಒಂದು ದಿನ ದುಂಡವ್ವ ತನ್ನೆರಡು ಮಡಕೆ ಹೊತ್ತುಕೊಂಡು ಊರು ಬಿಟ್ಟಳು.

ದೂರ ಹೋಗಲಿಲ್ಲ. ಆ ಹುಣಸೆಮರದಿಂದ ಒಂದು ಕೂಗಳತೆಯಲ್ಲಿ ನೆಲ ತಗ್ಗಾದ ಕಡೆ ಮಣ್ಣಿನ ಗೋಡೆ ಎತ್ತಿ, ಜೋಳದ ದಂಟು ಹೊದಿಸಿ, ಬಗ್ಗಿ ಹೋಗಬೇಕಾದಂಥ ಗಿಡ್ಡ ಮನೆ ಮಾಡಿಕೊಂಡಳು. ಬೇಸಿಗೆ ಬಂತೆಂದರೆ ದಾರಿಹೋಕರಿಗೆ ಮಡಕೆಯಲ್ಲಿ ನೀರಿಡುತ್ತಿದ್ದಳು. ನೀರಡಿಕೆಗೆ ಶಕುನವೆಲ್ಲಿಯದು? ಎಲ್ಲರೂ ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಕುಡಿಯುವಾಗ ಮಾತ್ರ ಅವಳ ಮುಖ ನೋಡುತ್ತಿರಲಿಲ್ಲವಂತೆ.

ನೀರು ಹೊಯ್ಯುತ್ತಾ ದುಂಡವ್ವ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು. "ಗುಡುಗು ಕೇಳಿದರ ಆ ಗಿಡದ ಬುಡಕ್ಕ ಹೋಗಬ್ಯಾಡ್ರಿ. ನೆನದರ ನೆನೀರಿ. ನೀವೇನು ಉಪ್ಪೋ ಬೆಲ್ಲೋ, ಕರಗಿ ಹೋಗಾಕ?"

ಗಂಡ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡು ಜನ ನಕ್ಕು ಮುಂದೆ ಹೋಗುತ್ತಿದ್ದರು. ದುಂಡವ್ವ ಒಳಗೆ ಬಂದು ಕೂತು ಯೋಚಿಸುತ್ತಿದ್ದಳಂತೆ: ಅವತ್ತು ನನ್ನ ಗಂಡನಿಗೆ ಈ ಮಾತು ಯಾರಾದರೂ ಹೇಳಿದ್ದರೆ ಅವನೂ ಹೀಗೇ ನಕ್ಕು ಹೋಗುತ್ತಿದ್ದನೇನೋ.

ಹೀಗೆ ಎಷ್ಟೋ ಬೇಸಿಗೆ ಕಳೆದವು. ಅವಳ ಕೂದಲು ಬೆಳ್ಳಗಾಯಿತು.

ಒಂದು ಸಲ ಅದೇ ಭರಣಿ ಮಳೆಯ ಕಾಲ. ಅವಳನ್ನು ಕಂಡರೆ ಸರಿಯುತ್ತಿದ್ದ ಊರಿನಿಂದಲೇ ಒಂದು ಮದುವೆ ದಿಬ್ಬಣ ಹೊರಟಿತು. ಊರಿನ ಹಿರಿಯ ರಾಯಗೊಂಡ ತನ್ನ ಮಗಳು ನಿಂಬೆವ್ವಳನ್ನು ಮದುಮಗನ ಊರಿಗೆ ಕರೆದೊಯ್ಯುತ್ತಿದ್ದ. ಬಂಡಿಗಳ ತುಂಬ ಹೆಂಗಸರು, ಮಕ್ಕಳು. ತವರಿನ ತಾಳಿಯನ್ನು ಹಿತ್ತಾಳೆ ಬಟ್ಟಲಲ್ಲಿಟ್ಟು, ಕೆಂಪು ಬಟ್ಟೆ ಮುಚ್ಚಿ, ನಿಂಬೆವ್ವಳ ಸೋದರತ್ತೆ ಮಡಿಲಲ್ಲಿ ಹಿಡಿದುಕೊಂಡಿದ್ದಳು. ಧಗೆ ಎಷ್ಟಿತ್ತೆಂದರೆ ಮದುಮಗಳ ಅರಿಶಿನ ಬೆವರಿನಲ್ಲಿ ಹರಿದು ಸೀರೆಯ ಅಂಚಿಗೆ ಬಣ್ಣ ಕಟ್ಟಿತ್ತಂತೆ. ಎತ್ತುಗಳು ನಾಲಿಗೆ ಚಾಚಿ ನೊರೆ ಸುರಿಸುತ್ತಿದ್ದವು.

ಹುಣಸೆಮರದ ಹತ್ತಿರ ಬರುವುದಕ್ಕೂ ಮುಗಿಲು ಕಪ್ಪಾಗುವುದಕ್ಕೂ ಸರಿಹೋಯಿತು. ಧೂಳೆಬ್ಬಿಸಿ ಗಾಳಿ ಬೀಸಿತು. ದಪ್ಪ ಹನಿ ಬಿದ್ದವು. ರಾಯಗೊಂಡ ಬಂಡಿಗಳನ್ನು ಮರದಡಿಗೆ ಹೊಡೆಸಿದ. ಎತ್ತು ಬಿಚ್ಚಿದರು. ಜನವೆಲ್ಲ ಇಳಿದು ಬುಡಕ್ಕೆ ಒತ್ತಿಕೊಂಡು ನಿಂತರು.

ದುಂಡವ್ವ ನೋಡಿದಳು. ಸೆರಗು ಬಿಗಿದು ಓಡಿ ಬಂದಳು.

"ಯಣ್ಣಾ, ಇಲ್ಲಿ ನಿಂದ್ರಬ್ಯಾಡ್ರಿ! ನನ್ನ ಮನಿ ಕಡೆ ತಗ್ಗಿಗೆ ಬರ್ರಿ, ಕೈ ಮುಗೀತೀನಿ."

ಅವಳನ್ನು ಕಂಡದ್ದೇ ಹೆಂಗಸರು ಮದುಮಗಳ ಮುಖಕ್ಕೆ ಸೆರಗು ಮುಚ್ಚಿದರು. ರಾಯಗೊಂಡ ಕೆಂಡವಾದ.

"ಮದುವಿ ಮಂದಿ ಹೊಂಟೀವಿ, ಎದುರಿಗೆ ಬರಾಕ ನಿನಗ ನಾಚಿಕಿ ಆಗಂಗಿಲ್ಲೇನು? ನಿನ್ನ ಹೊಸ್ತಿಲ ನನ್ನ ಮಗಳು ತುಳೀಬೇಕಾ? ಸರಿ ಆಕಡೆ!"

ದುಂಡವ್ವ ಕಾಲಿಗೆ ಬಿದ್ದಳು. ಯಾರೂ ಕದಲಲಿಲ್ಲ. ಮುಗಿಲು ಒಮ್ಮೆ ಬೆಳ್ಳಗಾಗಿ ಮತ್ತೆ ಕಪ್ಪಾಯಿತು. ಆ ಬೆಳಕಿನಲ್ಲಿ ಮದುಮಗಳ ಕೈಯ ಹಸಿರು ಬಳೆಗಳು ದುಂಡವ್ವಳ ಕಣ್ಣಿಗೆ ಬಿದ್ದವು ಅಂತಾರೆ.

ಅವಳು ಎದ್ದಳು. ಎದ್ದವಳೇ ಸೋದರತ್ತೆಯ ಮಡಿಲಿಗೆ ಕೈ ಹಾಕಿ, ತಾಳಿಯ ಬಟ್ಟಲು ಕಿತ್ತುಕೊಂಡು ಬಯಲಿಗೆ ಓಡಿದಳು!

"ಅಯ್ಯಯ್ಯೋ, ತಾಳಿ! ತಾಳಿ ಒಯ್ದಳು!"

ಗಂಡ ಸತ್ತವಳು ಮದುಮಗಳ ತಾಳಿ ಮುಟ್ಟುವುದುಂಟೇ? ಕದ್ದು ಓಡುವುದುಂಟೇ? ಇಡೀ ದಿಬ್ಬಣ ಬೊಬ್ಬೆ ಹೊಡೆಯುತ್ತಾ ಬೆನ್ನು ಹತ್ತಿತು. ಎತ್ತು ಹೊಡೆಯುವ ಬಾರಕೋಲು ಹಿಡಿದು ರಾಯಗೊಂಡ, ಸೀರೆ ಎತ್ತಿಕಟ್ಟಿ ಹೆಂಗಸರು, ಅಳುತ್ತಾ ಮಕ್ಕಳು, ಕೊನೆಗೆ ಅತ್ತೆಯ ಕೈಹಿಡಿದು ಮದುಮಗಳೂ. ಮುದುಕಿಯ ಕಾಲಿಗೆ ಅವತ್ತು ಎಲ್ಲಿಂದ ಬಂತೋ ಆ ಕಸುವು, ಜಿಂಕೆಯ ಹಾಗೆ ಓಡಿದಳಂತೆ. ಆದರೆ ಯಾರಾದರೂ ಹಿಂದೆ ಉಳಿದರೆ ನಿಂತು, ಬಟ್ಟಲು ಎತ್ತಿ ತೋರಿಸಿ, ಮತ್ತೆ ಓಡುತ್ತಿದ್ದಳಂತೆ.

ತಗ್ಗಿನಲ್ಲಿ ರಾಯಗೊಂಡ ಅವಳ ಜಡೆ ಹಿಡಿದು ಬಾರಕೋಲು ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಕಣ್ಣು ಕುಕ್ಕುವ ಬೆಳಕು, ಕಿವಿ ಹರಿಯುವ ಸದ್ದು. ತಿರುಗಿ ನೋಡಿದರೆ ಹುಣಸೆಮರ ತಲೆಯಿಂದ ಬುಡದವರೆಗೆ ಸೀಳಿಹೋಗಿತ್ತು. ಅದರಡಿಯ ಬಂಡಿಗಳು ಉರಿಯುತ್ತಿದ್ದವು. ಬೆದರಿದ ಎತ್ತುಗಳಲ್ಲಿ ಒಂದು ಅಲ್ಲೇ ಕಾಲು ಚಾಚಿ ಸತ್ತುಬಿದ್ದಿತ್ತು.

ಆಲಿಕಲ್ಲು ಸುರಿಯತೊಡಗಿದಾಗ ಆ ಗಿಡ್ಡ ಮನೆಯೊಳಗೆ ಎಲ್ಲರೂ ಬಗ್ಗಿ ಬಗ್ಗಿ ಹೊಕ್ಕರು. ಹೊಸ್ತಿಲು ಯಾರದೆಂದು ಯಾರೂ ಕೇಳಲಿಲ್ಲ.

ದುಂಡವ್ವ ಮೂಲೆಯಲ್ಲಿ ನಿಂತು ಬಟ್ಟಲನ್ನು ನೆಲಕ್ಕಿಟ್ಟು ದೂರ ಸರಿದಳು. "ಮುಟ್ಟಬಾರದಿತ್ತು, ಮುಟ್ಟೀನಿ. ಬ್ಯಾರೆ ಮಾಡಿಸಿ ಕಟ್ರಿ," ಅಂದಳು.

ಸೋದರತ್ತೆ ಹೌದೆಂದು ತಲೆಯಾಡಿಸಿದಳು. ಆಗ ಅಲ್ಲಿಯವರೆಗೆ ತಲೆ ಎತ್ತದ ನಿಂಬೆವ್ವ ಬಾಯಿ ತೆರೆದಳಂತೆ.

"ಬ್ಯಾಡ. ನನಗ ಇದೇ ಬೇಕು. ಯವ್ವಾ, ನೆಲಕ್ಕ ಇಡಬ್ಯಾಡ. ನಿನ್ನ ಕೈಲೇ ಎತ್ತಿ ಕೊಡು."

ದುಂಡವ್ವ ಹುಡುಗಿಯ ಅಪ್ಪನ ಕಡೆ ನೋಡಿದಳು. ರಾಯಗೊಂಡ ಬಾರಕೋಲು ಕೆಳಗಿಟ್ಟು, "ಕೊಡವ್ವಾ, ನನ್ನ ಮಗಳು ಕೇಳಾಕತ್ತಾಳ," ಅಂದ.

ದುಂಡವ್ವ ಬಟ್ಟಲು ಎತ್ತಿದಳು. ನಿಂಬೆವ್ವ ಬಟ್ಟಲನ್ನಷ್ಟೇ ಅಲ್ಲ, ಅದನ್ನು ಹಿಡಿದ ಕೈಗಳನ್ನೂ ಸೇರಿಸಿ ಹಿಡಿದಳು. ಗಂಡ ಹೋದ ಮೇಲೆ ಆ ಕೈಯನ್ನು ಒಬ್ಬರೂ ಮುಟ್ಟಿರಲಿಲ್ಲ. ಮಳೆಯ ಸದ್ದಿನಲ್ಲಿ ದುಂಡವ್ವ ಅತ್ತದ್ದು ಯಾರಿಗೂ ಕೇಳಿಸಲಿಲ್ಲ ಅಂತಾರೆ. ಎಲ್ಲರಿಗೂ ಕೇಳಿಸಿತು ಅನ್ನುವವರೂ ಇದ್ದಾರೆ.

ಅದೇ ತಾಳಿಯನ್ನು ಕಟ್ಟಿದರು. ನಿಂಬೆವ್ವ ಮೊಮ್ಮಕ್ಕಳನ್ನು ಕಂಡಳು. ದುಂಡವ್ವಳನ್ನು ಊರಿಗೆ ಕರೆದರಂತೆ, ಅವಳು ಹೋಗಲಿಲ್ಲವಂತೆ. ದಾರಿಹೋಕರಿಗೆ ನೀರು ಯಾರು ಕೊಡಬೇಕು ಅಂದಳಂತೆ. ಆದರೆ ಆಮೇಲೆ ಜನ ಅವಳ ಮುಖ ನೋಡಿಯೇ ನೀರು ಕುಡಿದರು.

ಅವಳ ಸಮಾಧಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಗುಡಿಯಿಲ್ಲ, ಕಲ್ಲಿಲ್ಲ. ಆದರೆ ಆ ಸೀಮೆಗೆ ಬೇಸಿಗೆಯಲ್ಲಿ ಹೋಗಿ ನೋಡಿ. ಧಗೆ ಕುದಿದು ಮೋಡ ಎದ್ದು ಮೊದಲ ಗುಡುಗು ಉರುಳಿದರೆ, ಹೊಲದಲ್ಲಿ ಯಾರಾದರೊಬ್ಬರು ಗಟ್ಟಿಯಾಗಿ ಕೂಗುತ್ತಾರೆ: "ದುಂಡವ್ವ ಓಡ್ಯಾಳ! ಬೆನ್ನ ಹತ್ರಿ!" ಆ ಕೂಗು ಹೊಲದಿಂದ ಹೊಲಕ್ಕೆ ದಾಟುತ್ತದೆ. ಮರದಡಿ ನಿಂತವರು, ಕುರಿ ಕಾಯುವವರು, ಬುತ್ತಿ ಬಿಚ್ಚಿದವರು, ಎಲ್ಲರೂ ಇದ್ದದ್ದು ಇದ್ದಲ್ಲೇ ಬಿಟ್ಟು, ನಗುತ್ತಾ, ನೆನೆಯುತ್ತಾ, ತಗ್ಗಿನ ಕಡೆಗೆ ಓಡುತ್ತಾರೆ.