ಖಾಲಿ ಮಗ್ಗದ ಸದ್ದು

ಶಿಷ್ಯನೊಬ್ಬ ಗುರುವಿನ ಮುಂದೆ ಬಂದು ಕೈಮುಗಿದು ಕೇಳಿದ: “ಗುರುಗಳೇ, ಊರಿಗೆ ಮಾರಿ ಬಂದಿದೆ. ಸಂತೆ ನಿಂತಿದೆ. ಮಠಕ್ಕೆ ಬರುವವರಿಲ್ಲ, ಉಗ್ರಾಣದಲ್ಲಿ ಕಾಳು ಇಳಿಯುತ್ತಿದೆ. ಆದರೂ ಉಳಿದ ಶಿಷ್ಯರೆಲ್ಲ ಎಂದಿನಂತೆ ಪಾಠ ಓದುತ್ತಾರೆ, ಎಂದಿನಂತೆ ಉಣ್ಣುತ್ತಾರೆ. ನನಗೆ ಮಾತ್ರ ಜಪಕ್ಕೆ ಕೂತರೆ ಎದೆ ಹೊಡೆದುಕೊಳ್ಳುತ್ತದೆ, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಇಷ್ಟು ವರ್ಷ ಕಲಿತದ್ದು ಎಲ್ಲಿ ಹೋಯಿತು? ನಿಮ್ಮ ಹಾಗೆ ಅಲುಗದೆ ಇರುವುದು ಹೇಗೆ?”

ಗುರು ಅವನನ್ನು ಎದುರಿಗೆ ಕೂರಿಸಿಕೊಂಡು ಒಬ್ಬ ನೇಕಾರನ ಕತೆ ಹೇಳಿದರು.

ಆ ನೇಕಾರನಿದ್ದದ್ದು ನೇಕಾರರೇ ತುಂಬಿದ್ದ ಒಂದು ಬೀದಿಯಲ್ಲಿ. ಅಲ್ಲಿ ಮನೆಗೊಂದು ಮಗ್ಗ. ಬೆಳಗ್ಗೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತವನು ಏಳುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ನೂಲು ಹೊತ್ತ ಲಾಳಿ ಓಡುವ, ಎಳೆಗಳನ್ನು ಒತ್ತುವ ಹಣಿಗೆ ಬಡಿಯುವ ಸದ್ದಿನಲ್ಲೇ ಆ ಬೀದಿಯ ಕೂಸುಗಳು ನಿದ್ದೆ ಮಾಡುತ್ತಿದ್ದವು. ಅಮಾವಾಸ್ಯೆಯ ರಜೆ ಬಿಟ್ಟರೆ, ಒಂದು ಮನೆಯ ಮಗ್ಗ ನಿಲ್ಲುತ್ತಿದ್ದದ್ದು ಆ ಮನೆಯಲ್ಲಿ ಸಾವಾದಾಗ ಮಾತ್ರ. ಹಾಗಾಗಿ ಆ ಬೀದಿಯಲ್ಲಿ ಸಾವಿನ ಸುದ್ದಿಯನ್ನು ಯಾರೂ ಹೋಗಿ ಹೇಳಬೇಕಾಗಿರಲಿಲ್ಲ. ಸದ್ದು ನಿಂತರೆ ಅಕ್ಕಪಕ್ಕದವರು ಕೈಯ ಕೆಲಸ ಬಿಟ್ಟು ಎದ್ದು ಬರುತ್ತಿದ್ದರು.

ಹೀಗಿರುವಾಗ ಆ ಸೀಮೆಗೆ ಮಾರಿ ಬಂತು. ನೂಲು ತರುತ್ತಿದ್ದ ವರ್ತಕ ಬರುವುದನ್ನು ನಿಲ್ಲಿಸಿದ. ಮದುವೆಗಳೇ ನಿಂತ ಮೇಲೆ ಸೀರೆ ಯಾರಿಗೆ ಬೇಕು? ಯಾರೂ ಯಾರ ಮನೆಗೂ ಹೋಗಕೂಡದೆಂದು ಊರ ಹಿರಿಯರು ಡಂಗುರ ಹೊಡೆಸಿದರು. ಬಾಗಿಲುಗಳು ಮುಚ್ಚಿದವು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿಸಲು ಮಗ್ಗದ ಸದ್ದೊಂದೇ ಉಳಿಯಿತು.

ಯುಗಾದಿಯ ಹೊತ್ತಿಗೆ ನೇಕಾರನ ಮನೆಯಲ್ಲಿ ನೂಲು ಮುಗಿಯಿತು. ಕೊನೆಯ ಸೀರೆಯನ್ನು ಮಗ್ಗದಿಂದ ಇಳಿಸಿ ಮಡಿಸಿಟ್ಟ. ಮಾರನೆಯ ಬೆಳಗ್ಗೆ ಏನು ಮಾಡುವುದೆಂದು ತೋಚದೆ ಕೂತಿದ್ದಾಗ ಎದುರುಮನೆಯ ಮಗ್ಗದ ಸದ್ದು ಕೇಳಿತು. ಎದುರುಮನೆಯವನು ಇವನಿಗಿಂತ ಹಿರಿಯ, ಬೀದಿಯಲ್ಲೇ ಒಳ್ಳೆಯ ಕೆಲಸಗಾರ. ಅವನಿಗೆ ನೂಲು ಹೇಗೋ ಸಿಗುತ್ತಿದೆ, ನನಗೆ ಸಿಗುತ್ತಿಲ್ಲ, ತಪ್ಪು ನನ್ನಲ್ಲೇ ಇರಬೇಕು ಎಂದು ನೇಕಾರ ಕುಗ್ಗಿಹೋದ. ಅದರ ಜೊತೆಗೆ ಇನ್ನೊಂದು ದಿಗಿಲು. ತನ್ನ ಮಗ್ಗ ನಿಂತರೆ ಮನೆಗೆ ಮಾರಿ ಹೊಕ್ಕಿತೆಂದು ಬೀದಿಯವರು ತಿಳಿಯುತ್ತಾರೆ. ಆಮೇಲೆ ಹೆಂಡತಿಯನ್ನು ನೀರಿಗೂ ಹೊರಗೆ ಬಿಡಲಾರರು. ಅವನು ಎದ್ದು ಗುಂಡಿಗಿಳಿದ. ಒಂದು ಎಳೆಯೂ ಇಲ್ಲದ ಮಗ್ಗದಲ್ಲಿ ಬರಿಯ ಲಾಳಿ ಓಡಿಸಿ ಹಣಿಗೆ ಬಡಿಯತೊಡಗಿದ.

ಬೇಕಾದಷ್ಟು ನೂಲಿದ್ದ ಕಾಲದಲ್ಲೂ ಅವನು ಅಷ್ಟು ಶ್ರದ್ಧೆಯಿಂದ ಮಗ್ಗದಲ್ಲಿ ಕೂತವನಲ್ಲ. ಎದುರುಮನೆಯ ಸದ್ದು ಜೋರಾದರೆ ಇವನೂ ಜೋರು ಮಾಡುತ್ತಿದ್ದ. ಅದು ನಿಲ್ಲುವವರೆಗೆ ಇವನು ನಿಲ್ಲಿಸುತ್ತಿರಲಿಲ್ಲ. ಹೆಂಡತಿಯೂ ಬೇಡವೆನ್ನಲಿಲ್ಲ, ಮರ್ಯಾದೆ ಅವಳಿಗೂ ಬೇಕಾಗಿತ್ತು. ಆದರೆ ನೇಯುವವನಿಗೆ ಸಂಜೆಯ ಹೊತ್ತಿಗೆ ಗೇಣು ಬಟ್ಟೆಯಾದರೂ ಕಣ್ಣಿಗೆ ಕಾಣುತ್ತದೆ. ಇವನಿಗೆ ತೋಳುನೋವು ಬಿಟ್ಟು ಏನೂ ಕಾಣಲಿಲ್ಲ.

ಬರುಬರುತ್ತಾ ಅವನ ಊಟ ಕಡಿಮೆಯಾಯಿತು, ನಿದ್ದೆ ಹಾರಿತು. ಮೊದಮೊದಲು ಮಕ್ಕಳ ಮೇಲೆ ರೇಗುತ್ತಿದ್ದ. ಆಮೇಲೆ ರೇಗುವುದನ್ನೂ ಬಿಟ್ಟ, ಮಾತನ್ನೇ ಬಿಟ್ಟ. ಹೆಂಡತಿಗೆ ಅವನ ಸಿಟ್ಟಿಗಿಂತ ಈ ಮೌನವೇ ಹೆಚ್ಚು ಭಯ ಹುಟ್ಟಿಸಿತು. ಇಡೀ ಬೀದಿಯಲ್ಲಿ ಕೈಲಾಗದವನು ತಾನೊಬ್ಬನೇ ಎನ್ನುವ ಮಾತು ಅವನ ತಲೆಯಲ್ಲಿ ಬೇರುಬಿಟ್ಟಿತ್ತು. ಹಾಸಿಗೆಗೆ ಹೋಗುವಾಗ, ನಾಳೆ ಎಚ್ಚರವಾಗದಿದ್ದರೆ ಎಲ್ಲರಿಗೂ ಒಳ್ಳೆಯದೆಂದು ಅಂದುಕೊಳ್ಳುತ್ತಿದ್ದ. ಇದನ್ನು ಅವನು ಯಾರಿಗೂ ಹೇಳಲಿಲ್ಲ.

ಒಂದು ಬೆಳಗ್ಗೆ ಎಂದಿನಂತೆ ಗುಂಡಿಗಿಳಿದ. ಕೈ ಮೇಲೇಳಲಿಲ್ಲ. ಕೈಗೇನೂ ಆಗಿರಲಿಲ್ಲ. ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು, ಬೀದಿಯವರು ಏನು ತಿಳಿದಾರು, ಒಂದಿಷ್ಟು ಹೊತ್ತಾದರೂ ಬಡಿಯಿರಿ ಎಂದಳು. ಅವನು ಆಗದೆಂದು ತಲೆಯಾಡಿಸಿದ. ಅವಳು ಬೇಡಿಕೊಂಡಳು. ಅವನು ಮಗ್ಗದ ಮರಕ್ಕೆ ಹಣೆ ಹಚ್ಚಿ ಅತ್ತುಬಿಟ್ಟ. ಅವನು ಅತ್ತದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಮತ್ತೆ ಬೇಡಲಿಲ್ಲ, ಗುಂಡಿಯ ಅಂಚಿನಲ್ಲಿ ಅವನ ಪಕ್ಕಕ್ಕೆ ಕೂತಳು.

ಸ್ವಲ್ಪ ಹೊತ್ತಿಗೆ ಹೊರಗೆ ಯಾರೋ ಕರೆದಂತಾಯಿತು. ಬಾಗಿಲು ತೆರೆದರೆ ಎದುರುಮನೆಯವನು ಮೂಗುಬಾಯಿಗೆ ವಸ್ತ್ರ ಸುತ್ತಿಕೊಂಡು ಬೀದಿಯಲ್ಲಿ ನಿಂತಿದ್ದ. ಡಂಗುರ ಅವನ ಕಿವಿಗೂ ಬಿದ್ದಿತ್ತು. ಆದರೆ ಮಗ್ಗ ನಿಂತ ಮನೆಗೆ ಹೋಗದೆ ಇದ್ದು ಅವನಿಗೆ ಗೊತ್ತಿರಲಿಲ್ಲ.

“ಯಾರು ಹೋದರಪ್ಪಾ?” ಎಂದು ಕೇಳಿದ.

“ಯಾರೂ ಹೋಗಿಲ್ಲ ಅಣ್ಣಾ,” ಎಂದ ನೇಕಾರ. ಸುಳ್ಳು ಹೇಳುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ. “ನೂಲಿಲ್ಲ. ಯುಗಾದಿಯಿಂದ ಖಾಲಿ ಮಗ್ಗಾನೇ ಬಡೀತಿದ್ದೆ. ಇವತ್ತು ಆಗಲಿಲ್ಲ.”

ಎದುರುಮನೆಯವನು ಬಂದು ಜಗಲಿಯ ಆ ತುದಿಯಲ್ಲಿ ಕೂತ.

“ನಂದು ಶಿವರಾತ್ರಿಗೇ ಮುಗಿದಿತ್ತು,” ಎಂದ. “ನಿನ್ನ ಮಗ್ಗ ನಡೀತಾನೇ ಇತ್ತಲ್ಲ, ನಾನು ಹೇಗೆ ನಿಲ್ಲಿಸಲಿ?”

ನೇಕಾರ ಅವನ ಮುಖ ನೋಡಿದ. ಯಾರಿಗೆ ಮೊದಲು ನಗು ಬಂತೋ ತಿಳಿಯದು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಾ ಎದುರುಮನೆಯವನ ಕಣ್ಣಲ್ಲೂ ನೀರು ಬಂತು. ಅವನು ಮನೆಗೆ ಹೋದ, ಆದರೆ ಮಗ್ಗಕ್ಕೆ ಹೋಗಲಿಲ್ಲ. ಎರಡು ಮನೆಗಳ ಸದ್ದು ನಿಂತದ್ದು ಕೇಳಿ ಪಕ್ಕದ ಮನೆಗಳವರು ಗಾಬರಿಯಾಗಿ ಹೊರಗೆ ಬಂದರು. ಸತ್ತವರು ಯಾರೆಂದು ವಿಚಾರಿಸಿದರು. ವಿಷಯ ತಿಳಿದ ಮೇಲೆ ಒಬ್ಬೊಬ್ಬರಾಗಿ ತಮ್ಮ ಮನೆಯ ಮಗ್ಗವೂ ಖಾಲಿಯೇ ಎಂದು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ. ಕೂಸುಗಳು ಮಾತ್ರ ನಿದ್ದೆ ಕೆಟ್ಟು ಅಳುತ್ತಿದ್ದವು. ದೊಡ್ಡವರು ತಮ್ಮ ತಮ್ಮ ಜಗಲಿಯಲ್ಲಿ ದೂರದೂರ ನಿಂತು ಯಾರ ಮನೆಯಲ್ಲಿ ಕಾಳಿದೆ, ಯಾರ ಮನೆಯಲ್ಲಿ ಜ್ವರವಿದೆ ಎಂದು ಕೂಗಿ ಕೂಗಿ ಕೇಳಿಕೊಂಡರು.

ಮಾರಿ ಆ ತಿಂಗಳೂ ಹೋಗಲಿಲ್ಲ. ನೂಲೂ ಬರಲಿಲ್ಲ. ಆ ಬೀದಿಯ ಕೆಲವು ಮನೆಗಳಲ್ಲಿ ಆಮೇಲೆ ಸಾವೂ ಆಯಿತು. ಆದರೆ ಆ ದಿನ ನೇಕಾರ ಹೆಂಡತಿ ಬಡಿಸಿದ ಗಂಜಿಯನ್ನು ತಳ ಕಾಣುವವರೆಗೆ ಕುಡಿದ. ಗೋಡೆಗೆ ಒರಗಿದವನು ಅಲ್ಲೇ ನಿದ್ದೆಹೋದ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ: “ಗುರುಗಳೇ, ಅವರು ಸಂಸಾರಿಗಳು. ಒಬ್ಬರ ಸದ್ದು ಕೇಳಿ ಒಬ್ಬರು ಮೋಸಹೋದರು. ನನ್ನ ಜೊತೆಯವರೂ ಹಾಗೇ ಇರಬಹುದು, ಒಪ್ಪುತ್ತೇನೆ. ಆದರೆ ನಾನು ದಿನವೂ ನೋಡುತ್ತಿರುವುದು ನಿಮ್ಮನ್ನು. ನಿಮ್ಮ ನೆಮ್ಮದಿ ನಿಜವಾದದ್ದು. ಅದು ನನಗೆ ಬರುವುದು ಹೇಗೆ?”

ಗುರು ಹೇಳಿದರು: “ನನಗೂ ಸರಿಯಾಗಿ ನಿದ್ದೆ ಬಾರದೆ ಎಷ್ಟೋ ದಿನವಾಯಿತು, ಮಗು; ನೀನು ಇನ್ನಷ್ಟು ಹೊತ್ತು ಇಲ್ಲೇ ಕೂತಿರು.”

ಶಿಷ್ಯ ಗುರುವಿನ ಪಕ್ಕಕ್ಕೆ ಸರಿದು ಕೂತ.